ಹದಿನೈದರ ಗೀರು

ರಾತ್ರಿ ಹತ್ತರ ಮೇಲೆ ನಮ್ಮ ಪ್ರಯೋಗಾಲಯದಲ್ಲಿ ನಿರ್ವಾತ ಪಂಪುಗಳ ಗುಂಯ್ ಸದ್ದು, ಸೆಕೆಂಡಿಗೆ 10 ಸಲ ಲೇಸರಿನ ಟಕ್ ಟಕ್, ಅಷ್ಟೇ. ಡೈ ಲೇಸರಿನ ಕೆಂಪು ಬೆಳಕನ್ನು ಹರಳಿನೊಳಗೆ ಹಾಯಿಸಿ ಆಚೆ ಬದಿಗೆ ಬಿಳಿ ಚೀಟಿ ಹಿಡಿಯುತ್ತೇನೆ. ಹರಳನ್ನು ಎಳೆಯಷ್ಟು ಓರೆ ಮಾಡುತ್ತ ಹೋದಂತೆ ಒಮ್ಮೆಲೇ ಚೀಟಿಯ ಮೇಲೆ ನೀಲಿ ಚುಕ್ಕಿ ಹೊಳೆಯುತ್ತದೆ. ಕಣ್ಣಿಗೆ ಕಾಣದ ಅತಿನೇರಳೆ ಹುಟ್ಟಿತೆಂದು ಕಾಗದ ಹೇಳುವ ಆ ಗಳಿಗೆ ಎಷ್ಟು ವರ್ಷವಾದರೂ ನನಗೆ ಹಳತಾಗಿಲ್ಲ.

ನಾನು ಹುಡುಕುವುದು ಮೀಥೈಲ್ ರ‍್ಯಾಡಿಕಲ್ಲನ್ನು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಜೋಡಿ ಸಿಗದ ಒಂಟಿ ಎಲೆಕ್ಟ್ರಾನ್. ಸಿಕ್ಕವರ ಕೈ ಹಿಡಿದುಬಿಡುವ ಇದನ್ನು ಶೀಶೆಯಲ್ಲಿ ತುಂಬಿಡುವಂತಿಲ್ಲ. 1929ರಲ್ಲಿ ಬರ್ಲಿನ್ನಿನಲ್ಲಿ ಪಾನೆಟ್ ಮತ್ತು ಹೋಫೆಡಿಟ್ಸ್ ಇದರ ಸುಳಿವು ಹಿಡಿದ ಬಗೆ ನನಗೆ ಅಚ್ಚುಮೆಚ್ಚು. ಸೀಸದ ಮೀಥೈಲ್ ಸಂಯುಕ್ತದ ಆವಿಯನ್ನು ಕೊಳವೆಯಲ್ಲಿ ಹರಿಸಿ ಒಂದೆಡೆ ಕಾಯಿಸಿದರು; ಒಳಮೈಗೆ ಸೀಸದ ಕನ್ನಡಿ ಕಟ್ಟಿತು. ಹರಿವಿನ ಮೇಲ್ಬದಿಯಲ್ಲಿ ಮತ್ತೆ ಕಾಯಿಸಿದಾಗ ಕೆಳಗಿನ ಆ ಕನ್ನಡಿ ಸವೆಯುತ್ತ ಮಾಯವಾಯಿತು. ಏನೋ ಹರಿದು ಬಂದು ಅದನ್ನು ತಿಂದಿತ್ತು. ಮುಂದೆ 1956ರಲ್ಲಿ ಒಟ್ಟಾವಾದ ಹರ್ಜ್‌ಬರ್ಗ್ ಮತ್ತು ಶೂಸ್ಮಿತ್, ಮೀಥೈಲ್ ಹೀರುವ ಬೆಳಕಿನ ರೋಹಿತವನ್ನೇ ಪಡೆದರು.

ಮೀಥೈಲ್ ಬೆಳಕು ಕುಡಿಯುತ್ತದೆ, ಮರಳಿ ಸೂಸುವುದಿಲ್ಲ, ಅಷ್ಟರೊಳಗೆ ಒಡೆದುಹೋಗುತ್ತದೆ. ಒಡೆಯುವ ಮುನ್ನ ಎಲೆಕ್ಟ್ರಾನನ್ನು ಕಿತ್ತುಬಿಟ್ಟರೆ? 1983ರಲ್ಲಿ ಅಮೆರಿಕದ ಹಜಿನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಈ ದಾರಿಯನ್ನು. 333.4 ನ್ಯಾನೋಮೀಟರಿನ ಎರಡು ಫೋಟಾನ್ ಒಟ್ಟಿಗೆ ನುಂಗಿ ಮೀಥೈಲ್ ಒಂದು ಎತ್ತರದ ಮಟ್ಟಕ್ಕೇರುತ್ತದೆ; ಮೂರನೆಯದು ಎಲೆಕ್ಟ್ರಾನನ್ನು ಹೊರಗೆಳೆಯುತ್ತದೆ. ಬೇಕಾದದ್ದು 9.84 ಎಲೆಕ್ಟ್ರಾನ್‌ವೋಲ್ಟ್, ಮೂರೂ ಸೇರಿದರೆ 11ಕ್ಕೂ ಮಿಕ್ಕಿ. ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿದ್ದು ನಡುವಿನ ಆ ಮಟ್ಟ. ಸಮಮಿತಿಯ ನಿಯಮದಂತೆ ಒಂಟಿ ಫೋಟಾನಿಗೆ ಅಲ್ಲಿ ಪ್ರವೇಶವಿಲ್ಲ, ಜೋಡಿಯಾಗಿ ಬಂದರೆ ಉಂಟು. ಹರ್ಜ್‌ಬರ್ಗರ ರೋಹಿತದಲ್ಲಿ ಅದು ಕಾಣದಿದ್ದುದು ಅದಕ್ಕೇ.

ಹೀಗೆ ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾದ ಮೀಥೈಲ್, ಒಂದು ಮೀಟರ್ ಕೊಳವೆಯನ್ನು ಸಾವಿರ ವೋಲ್ಟಿನ ನೂಕುಬಲಕ್ಕೆ ಸುಮಾರು 9 ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ. ಹಗುರವಾದದ್ದು ಮೊದಲು, ಭಾರದ್ದು ಆಮೇಲೆ. ಹೀಗೆ ಬಣ್ಣವೊಂದು, ತೂಕವೊಂದು, ಎರಡು ಸಾಕ್ಷಿ ಒಟ್ಟಿಗೆ ಸಿಗುತ್ತವೆ. ಹೈಡ್ರೋಜನ್ ಬದಲು ಡ್ಯುಟೇರಿಯಂ ಹಾಕಿದರೆ ತೂಕ 15ರಿಂದ 18ಕ್ಕೆ ಸರಿಯುತ್ತದೆ. ನೀರಿನ ತೂಕವೂ 18. ಆದರೆ ನೀರಿನ ಎಲೆಕ್ಟ್ರಾನ್ ಕೀಳಲು ಈ ಬಣ್ಣದ ಮೂರು ಫೋಟಾನ್ ಸಾಲವು.

ಬೆಳಕಿನ ಬಣ್ಣವನ್ನು ಕೂದಲೆಳೆಯಷ್ಟೇ ಸರಿಸುತ್ತೇನೆ. ಪರದೆಯಲ್ಲಿ 15ರ ಜಾಗ ಬರಿದು. ಇನ್ನೊಂದು ಎಳೆ. ಬರಿದು. 333.4ಕ್ಕೆ ಬಂದಾಗ ಚೂಪಾದ ಗೀರೊಂದು ಎದ್ದು ನಿಲ್ಲುತ್ತದೆ; ಮುಂದೆ ಹೋದರೆ ಇಲ್ಲ, ಹಿಂದೆ ಬಂದರೆ ಮತ್ತೆ ಇದೆ. ದಾಖಲೆಗೆ ಒಂದು ಸಲ ಸಾಕು. ಆದರೂ ಮತ್ತೊಮ್ಮೆ, ಇನ್ನೂ ನಿಧಾನವಾಗಿ, ಆ ಬಣ್ಣದ ಮೇಲೆ ಹಾದುಹೋಗುತ್ತೇನೆ.