ಎರಡು ಕಾರ್ಡಿನ ಕಂಪ್ಯೂಟರು

ದಸರಾ ರಜೆಗೆ ತುಮಕೂರಿನ ಮನೆಗೆ ಹೋದಾಗ ಅಟ್ಟ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಕೊಳದಪ್ಪಲೆಯ ಹಿಂದೆ, ಅಮ್ಮನ ಹರಿದ ಸೀರೆ ಹೊದ್ದು ಕೂತಿತ್ತು ನನ್ನ ಕಂಪ್ಯೂಟರು. 1999ರಲ್ಲಿ ಕೊಂಡದ್ದು. ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದ ಅಪ್ಪ, ನೌಕರರ ಸೊಸೈಟಿಯಲ್ಲಿ ಸಾಲ ಮಾಡಿ "ಹುಡುಗನ ಓದಿಗೆ" ಎಂದು ತಂದಿದ್ದರು.

ಪ್ರಥಮ ಪಿಯುಸಿ ಓದುತ್ತಿರುವ ಮಗಳು ಅದರ ಮುಚ್ಚಳ ಬಿಚ್ಚಿ, ಜೇಡರ ಬಲೆ ಒರೆಸಿ, "ಅಪ್ಪಾ, ಇದಕ್ಯಾಕೆ ಎರಡು ವಿಡಿಯೋ ಕಾರ್ಡು?" ಎಂದಳು.

ಆ ಪ್ರಶ್ನೆಗೆ ಎರಡು ಉತ್ತರವಿದೆ. ಸುಲಭದ್ದನ್ನು ಮೊದಲು ಹೇಳಿದೆ.

ಒಂದು ಸಾಮಾನ್ಯ ಕಾರ್ಡು. ಅಕ್ಷರ, ಕಿಟಕಿ, ಬಣ್ಣ ಎಲ್ಲ ತೋರಿಸುತ್ತದೆ. ಇನ್ನೊಂದು ವೂಡೂ 2. ಅಮೆರಿಕದ ತ್ರೀಡಿಎಫ್ಎಕ್ಸ್ ಕಂಪೆನಿ 1998ರಲ್ಲಿ ತಂದದ್ದು. ಅದು ಮದುವೆಮನೆ ಅಡುಗೆಯವನಿದ್ದ ಹಾಗೆ. ಲಾಡು, ಚಿರೋಟಿ ಎಂದರೆ ಕೈ ಓಡುತ್ತದೆ, ದಿನದ ಅನ್ನ ಸಾರು ಮಾತ್ರ ಕೇಳಬೇಡಿ. ಮೂರು ಆಯಾಮದ ಆಟ ಶುರುವಾದರೆ ಮಾತ್ರ ಅದಕ್ಕೆ ಜೀವ. ಉಳಿದ ಹೊತ್ತು ಮೊದಲನೆಯ ಕಾರ್ಡು ಕಳಿಸುವ ಚಿತ್ರವನ್ನು ತನ್ನ ಮೂಲಕ ಮಾನಿಟರಿಗೆ ದಾಟಿಸುತ್ತ ಕೂತಿರುತ್ತದೆ. ಅದಕ್ಕೇ ಪೆಟ್ಟಿಗೆಯ ಹಿಂಭಾಗದಲ್ಲಿ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವ ಗಿಡ್ಡ ಕೇಬಲ್ಲು.

ಮಗಳು ಇದನ್ನು ಮತ್ತೆ ಎಬ್ಬಿಸಲೇಬೇಕು ಎಂದು ಹಟ ಹಿಡಿದಳು. ಹಾರ್ಡ್ ಡಿಸ್ಕು ಸತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಯೊಂದರಲ್ಲಿ, ಗುಜರಿ ರಾಶಿ ಇಟ್ಟುಕೊಂಡು ಕೂತವರ ಹತ್ತಿರ ಬೇರೆಯದು ಸಿಕ್ಕಿತು. ಅದರಲ್ಲಿ ಎರಡು ಪಾಲು ಮಾಡಿ ವಿಂಡೋಸ್ 98 ಒಂದರಲ್ಲಿ, ಎಕ್ಸ್‌ಪಿ ಇನ್ನೊಂದರಲ್ಲಿ ಹಾಕುವುದೆಂದು ತೀರ್ಮಾನವಾಯಿತು. ಹಳೇ ಆಟಗಳಿಗೆ 98 ಬೇಕು. ಆದರೆ ಅದಕ್ಕೆ ಪೆನ್ ಡ್ರೈವಿನ ಗುರುತೇ ಇಲ್ಲ, ಬೇರೆ ಡ್ರೈವರು ಹಾಕಬೇಕು. ಆ ತಾಪತ್ರಯ ಎಕ್ಸ್‌ಪಿಗಿಲ್ಲ. ಫೈಲುಗಳನ್ನು ಅದರಲ್ಲಿ ಇಳಿಸಿ 98ರ ಪಾಲಿನಲ್ಲಿ ಇಟ್ಟುಬಂದರಾಯಿತು.

ಇಲ್ಲೊಂದು ಕ್ರಮವಿದೆ. ಪಂಕ್ತಿಯಲ್ಲಿ ಹಿರಿಯರಿಗೆ ಮೊದಲು ಎಲೆ ಹಾಕುವ ಹಾಗೆ 98ನ್ನೇ ಮೊದಲು ಕೂರಿಸಬೇಕು. ನಾನು ತಿರುಗಾಮುರುಗಾ ಮಾಡಿದೆ. ಹಿಂದೆ ಬಂದ 98 ಡಿಸ್ಕಿನ ಬಾಗಿಲಲ್ಲಿ ತನ್ನ ಹೆಸರು ಬರೆದುಕೊಂಡಿತು, ಎಕ್ಸ್‌ಪಿ ಒಳಗಿದ್ದೂ ಹೊರಗೆ ಬರಲಾರದೆ ಹೋಯಿತು. ಒಂದು ಭಾನುವಾರ ಪೂರ್ತಿ ಹಾಳು.

ಎಕ್ಸ್‌ಪಿಯಲ್ಲಿ ವೂಡೂ ಎದುರು ಹಳದಿ ಗುರುತು ಬಂತು. ಬಾರದೇ ಏನು? ತ್ರೀಡಿಎಫ್ಎಕ್ಸ್ ತನ್ನ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಲು ಒಪ್ಪಿದ್ದು 2000ದ ಡಿಸೆಂಬರಿನಲ್ಲಿ, ಎಕ್ಸ್‌ಪಿ ಹೊರಬಂದದ್ದು 2001ರ ಅಕ್ಟೋಬರಿನಲ್ಲಿ. ಅಪ್ಪನ ಕಾಲವಾದ ಮೇಲೆ ಹುಟ್ಟಿದ ಮೊಮ್ಮಗುವಿಗೆ ಅಜ್ಜನ ಗುರುತು ಹೇಗೆ ಸಿಗಬೇಕು! ಅಲ್ಲಿ ಅದನ್ನು ನಿಷ್ಕ್ರಿಯ ಮಾಡಿ ಸುಮ್ಮನಾದೆವು. ಚಿತ್ರ ದಾಟಿಸಲು ಅದಕ್ಕೆ ಯಾವ ಡ್ರೈವರೂ ಬೇಡ.

98ಕ್ಕೆ ಬಂದು ನೀಡ್ ಫಾರ್ ಸ್ಪೀಡ್ 3 ಹಾಕಿದರೆ ಕಾರಿನ ಸದ್ದು ಕೇಳುತ್ತದೆ, ಪರದೆ ಮಾತ್ರ ಅಲ್ಲಾಡುವುದಿಲ್ಲ. ನಾನು ಕಾರ್ಡು ಸುಟ್ಟಿದೆ ಎಂದುಕೊಂಡೆ. ಮಗಳು ಹಿಂದೆ ಬಗ್ಗಿ ನೋಡಿ, "ಮಾನಿಟರ್ ಕೇಬಲ್ಲು ಮೊದಲನೇ ಕಾರ್ಡಲ್ಲೇ ಇದೆಯಲ್ಲಪ್ಪಾ" ಎಂದಳು. ಬದಲಾಯಿಸಿದೊಡನೆ ರಸ್ತೆ, ಮರ, ಕೆಂಪು ಕಾರು ಎಲ್ಲ ಬಂತು. ಅವಳು ಚಪ್ಪಾಳೆ ತಟ್ಟಿದಳು. ನನಗೆ ಮಾತು ಹೊರಡಲಿಲ್ಲ.

ಎರಡನೆಯ ಉತ್ತರವನ್ನು ಆಗ ಹೇಳಿದೆ. ಆ ಕಾರ್ಡನ್ನು ಸೆಕೆಂಡ್ ಹ್ಯಾಂಡಿನಲ್ಲಿ 3,000 ರೂಪಾಯಿಗೆ ಕೊಂಡದ್ದು ದ್ವಿತೀಯ ಪಿಯುಸಿಯ ಫಿಸಿಕ್ಸ್ ಟ್ಯೂಷನ್ನಿಗೆಂದು ಅಪ್ಪ ಕೊಟ್ಟ ಹಣದಲ್ಲಿ. ನಾನು ಟ್ಯೂಷನ್ನಿಗೆ ಸೇರಲೇ ಇಲ್ಲ. ಬೆಳಿಗ್ಗೆ ಐದೂವರೆಗೆ ಸೈಕಲ್ ಹತ್ತಿ ಸ್ನೇಹಿತನ ರೂಮಿನಲ್ಲಿ ಮಲಗಿ ಎದ್ದು ಬರುತ್ತಿದ್ದೆ. ಅಮ್ಮ ಅಷ್ಟು ಹೊತ್ತಿಗೇ ಎದ್ದು ಕಾಫಿ ಕಾಸಿಕೊಡುತ್ತಿದ್ದಳು. ಕಾರ್ಡು ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, ಮುಂದೆ ಎಂಜಿನಿಯರಿಂಗ್ ಡ್ರಾಯಿಂಗಿಗೆ ಬೇಕಾಗುತ್ತದೆ, ಸ್ನೇಹಿತ ಕೊಟ್ಟ ಎಂದೆ. ಅಪ್ಪ ನಂಬಿದರು. ನಂಬಿದ್ದಷ್ಟೇ ಅಲ್ಲ, ಮನೆಗೆ ಬಂದವರಿಗೆಲ್ಲ "ನಮ್ಮ ಹುಡುಗನ ಕಂಪ್ಯೂಟರಿಗೆ ಎರಡು ಕಾರ್ಡು. ಒಂದು ದಿನದ ಕೆಲಸಕ್ಕೆ, ಒಂದು ಚಿತ್ರಕ್ಕೆ" ಎಂದು ವಿವರಿಸುತ್ತಿದ್ದರು.

2000ದ ಸಿಇಟಿಯಲ್ಲಿ ನನ್ನ ರ್‍ಯಾಂಕಿಗೆ ಫ್ರೀ ಸೀಟು ಸಿಗಲಿಲ್ಲ. ಪೇಮೆಂಟ್ ಸೀಟಿಗೆ ಅಪ್ಪ ಜಿಪಿಎಫ್ ಹಣ ತೆಗೆದರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದದ್ದು ಟ್ಯೂಷನ್ ಮೇಷ್ಟ್ರನ್ನು. "ಆ ಮನುಷ್ಯನಿಗೆ ಪಾಠ ಹೇಳೋಕೆ ಬರಲ್ಲ" ಎಂದು ಬಂಧುಗಳಲ್ಲೆಲ್ಲ ಹೇಳಿದರು. ಚಿಕ್ಕಪ್ಪನ ಮಗ ಅಲ್ಲಿಗೆ ಸೇರಲು ಹೊರಟಾಗ ತಡೆದರು. ನಾನು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ. ಅಪ್ಪ ತೀರಿಕೊಂಡದ್ದು 2009ರಲ್ಲಿ. ಹೇಳಲು ಒಂಬತ್ತು ವರ್ಷ ಇತ್ತು.

ಮಗಳು ಬಹಳ ಹೊತ್ತು ಗಿಡ್ಡ ಕೇಬಲ್ಲನ್ನೇ ಮುಟ್ಟಿ ನೋಡುತ್ತಿದ್ದಳು.

"ತಾತ ಹೇಳ್ತಿದ್ದದ್ದು ಸರಿಯಾಗೇ ಇತ್ತಲ್ಲಪ್ಪಾ. ಒಂದು ದಿನದ ಕೆಲಸಕ್ಕೆ, ಒಂದು ಚಿತ್ರಕ್ಕೆ."

"ಹೂಂ."

"ಆ ಮೇಷ್ಟ್ರು ಈಗೆಲ್ಲಿದ್ದಾರೆ?"

ಅದೇ ಬೀದಿಯಲ್ಲಿದ್ದಾರೆ. ನಿವೃತ್ತರಾಗಿ ವರ್ಷಗಳಾದವು. ಸಂಜೆ ತರಕಾರಿ ಅಂಗಡಿಯ ಹತ್ತಿರ ಕಾಣಿಸುತ್ತಾರೆ. ಅವರಿಗೆ ನನ್ನ ಪರಿಚಯವಿಲ್ಲ. ಇರುವುದಾದರೂ ಹೇಗೆ?

"ನಾಳೆ ಹೋಗೋಣ, ನಾನೂ ಬರ್ತೀನಿ" ಎಂದು ಅವಳು ಯಂತ್ರವನ್ನು ಮತ್ತೆ ಚಾಲೂ ಮಾಡಿದಳು. ಯಾವ ವಿಂಡೋಸ್ ಬೇಕು ಎಂದು ಕೇಳುವ ಪಟ್ಟಿ ಬಂತು. ಮೂವತ್ತು ಸೆಕೆಂಡು ಕಾಯುತ್ತದೆ ಅದು. ನಾವಿಬ್ಬರೂ ಕೀಲಿ ಒತ್ತಲಿಲ್ಲ. ತಾನಾಗಿ ಎಕ್ಸ್‌ಪಿ ತೆರೆದುಕೊಂಡಿತು.