ಅಣ್ಣನ ಹನ್ನೊಂದು ಫ್ಲಾಪಿಗಳು

ಹೈದರಾಬಾದಿನ ಸಿಟಿ ಬಸ್ಸುಗಳಲ್ಲಿ ಓಡಾಡಿದವರಿಗೆ 'ಈಸಿಐಎಲ್, ಈಸಿಐಎಲ್' ಅನ್ನೋ ಕೂಗು ಗೊತ್ತಿರುತ್ತೆ. ಅದೊಂದು ಬಡಾವಣೆಯ ಹೆಸರು ಅಂದುಕೊಂಡಿರೋ ಹುಡುಗರೇ ಈಗ ಜಾಸ್ತಿ. ಈ ಊರಿಗೆ ಕಂಪ್ಯೂಟರು ಬಂದದ್ದು ಯಾವಾಗ ಅಂತ ಕೇಳಿದರೆ ಎಲ್ಲರೂ ಹೈಟೆಕ್ ಸಿಟಿ ಕಡೆ ಕೈ ತೋರಿಸುತ್ತಾರೆ. 1998ರಲ್ಲಿ ವಾಜಪೇಯಿಯವರು ಬಂದು ಸೈಬರ್ ಟವರ್ಸ್ ಉದ್ಘಾಟನೆ ಮಾಡಿದ್ದು ನಿಜ. ಆದರೆ ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಈ ಬಸ್ ಸ್ಟಾಪಿನ ಪಕ್ಕದ ಕಾರ್ಖಾನೆ ಕಂಪ್ಯೂಟರ್ ಮಾಡೋದಕ್ಕೆ ಹೊರಟಿತ್ತು. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಶುರುವಾದದ್ದು 1967ರಲ್ಲಿ. ಅದರ ಮೊದಲ ಕಂಪ್ಯೂಟರು ಟಿಡಿಸಿ-12. ಟಿಡಿಸಿ ಅಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ಆಮೇಲೆ 312, 316 ಅಂತ ಅದರ ತಮ್ಮಂದಿರೂ ಬಂದವು.

ನಾನು ಅಲ್ಲಿ ಕೆಲಸ ಮಾಡಿದವನಲ್ಲ. ರಾಯಚೂರಿನಿಂದ 1982ರಲ್ಲಿ ಬಂದು ಬೇರೆ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗ ಸೇರಿದವನು. ನಮ್ಮಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ನಮ್ಮ ಮನೆಯ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ ಬಿಡಿ! ಇಡೀ ಆಫೀಸಿಗೆ ಏಸಿ ಇದ್ದದ್ದು ಅದೊಂದೇ ಕೋಣೆಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮಗೆಲ್ಲ ಕಂಪ್ಯೂಟರ್ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತಿತ್ತು.

ಅಲ್ಲಿ ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಮನೆಯಲ್ಲೊಂದು ಪಿಸಿ ಎಕ್ಸ್‌ಟಿ ಇದೆ. ಆಫೀಸಿನವರು ಹರಾಜು ಹಾಕಿದಾಗ ತಂದದ್ದು, 640 ಕೆಬಿ ಮೆಮೊರಿ. ವಿಂಡೋಸ್ 98 ಇರುವ ಒಂದು ಪೆಂಟಿಯಂ ಇದೆ. ಕೋಠಿಯ ಗುಜರಾತಿ ಗಲ್ಲಿಯಿಂದ ಕೆಪಾಸಿಟರ್ ತಂದು ಬೆಸುಗೆ ಹಾಕಿ ಇವನ್ನು ಬದುಕಿಸಿಕೊಂಡು ಬಂದಿದ್ದೇನೆ. ಹಾಗಂತ ಹಳೇದೆಲ್ಲ ಚಿನ್ನ ಅನ್ನೋರ ಗುಂಪಿಗೆ ನಾನು ಸೇರಿದವನಲ್ಲ. ಎಕ್ಸ್‌ಟಿಯ ಒಂದು ಫ್ಲಾಪಿಗೆ ಹಿಡಿಯುತ್ತಿದ್ದದ್ದು 360 ಕೆಬಿ. ಮೊಮ್ಮಗಳು ಫೋನಿನಲ್ಲಿ ಕಳಿಸೋ ಒಂದೇ ಒಂದು ಫೋಟೋ ಇಡೋದಕ್ಕೆ ಅಂಥವು ಹತ್ತು ಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ರಾತ್ರಿ ಶುರುವಾದರೆ ಪಕ್ಕದ ಮನೆಯ ಕೂಸು ಎದ್ದು ಕೂರುತ್ತಿತ್ತು. ಆ ಕಾಲಕ್ಕೆ ವಾಪಸ್ ಹೋಗು ಅಂದರೆ ನಾನಂತೂ ಹೋಗೋಲ್ಲ.

ಆದರೂ ಈ ಡಬ್ಬಿಗಳನ್ನು ಯಾಕೆ ಇಟ್ಟುಕೊಂಡಿದ್ದೀ ಅಂತ ಕೇಳೋರಿಗೆ ಈಗ ನನ್ನ ಹತ್ತಿರ ಒಂದು ಉತ್ತರ ಇದೆ.

ನಮ್ಮ ಅಣ್ಣ ರಾಯಚೂರು ಜಿಲ್ಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದ. ಮಾನ್ವಿ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಬೀಸುಕಲ್ಲಿನ ಪದ, ಸೋಬಾನೆ ಪದಗಳನ್ನು ಹೆಂಗಸರ ಬಾಯಿಂದ ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. 2002ರಿಂದ ಮೂರು ಬೇಸಿಗೆ ರಜೆಗಳಲ್ಲಿ ನಮ್ಮ ಮನೆಗೆ ಬಂದು, ಇದೇ ಪೆಂಟಿಯಂ ಮುಂದೆ ಕೂತು, ಅವನ್ನೆಲ್ಲ 'ನುಡಿ'ಯಲ್ಲಿ ಟೈಪ್ ಮಾಡಿದ. ಕೆ.ಪಿ. ರಾವ್ ಅವರ ಕೀಲಿಮಣೆ ಎರಡೇ ದಿನದಲ್ಲಿ ಕೈಗೆ ಹತ್ತಿತು ಅಂತ ಅವನಿಗೆ ಬಲು ಹೆಮ್ಮೆ. ಒಟ್ಟು ಹನ್ನೊಂದು ಫ್ಲಾಪಿ, ಒಂದೊಂದರ ಮೇಲೂ ಅವನ ದುಂಡು ಅಕ್ಷರದಲ್ಲಿ ಊರಿನ ಹೆಸರು. ಪುಸ್ತಕ ಆಗೋ ಮೊದಲೇ ಅವನು ಹೋದ. ನೋಟುಬುಕ್ಕುಗಳನ್ನು ಗೆದ್ದಲು ತಿಂದವು. ಹೋದ ವರ್ಷ ಅವನ ಮಗಳು ಫೋನ್ ಮಾಡಿ, "ಕಾಕಾ, ಅಪ್ಪನ ಪದಗಳು ನಿಮ್ಮ ಹತ್ರ ಅದಾವೇನ್ರಿ?" ಅಂದಳು.

ಫ್ಲಾಪಿಗಳು ಇದ್ದವು. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರೋದು ನಿಲ್ಲಿಸಿತ್ತು. ಜಪಾನ್ ಸರ್ಕಾರ ಮಾತ್ರ 'ದಾಖಲೆ ಫ್ಲಾಪಿಯಲ್ಲಿ ಕೊಡಿ' ಅನ್ನೋ ನಿಯಮಗಳನ್ನು ತೆಗೆದುಹಾಕಿದ್ದು 2024ರಲ್ಲಿ. ಹಾಗಾಗಿ ನಾನೊಬ್ಬನೇ ಹಿಂದುಳಿದವನಲ್ಲ ಅನ್ನೋ ಸಮಾಧಾನ. ಪೆಂಟಿಯಂನ ಫ್ಲಾಪಿ ಡ್ರೈವು ಕೈ ಕೊಟ್ಟಿತ್ತು. ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಯುಎಸ್‌ಬಿ ಫ್ಲಾಪಿ ಡ್ರೈವ್ ಕೇಳಿದರೆ ಅಂಗಡಿ ಹುಡುಗ "ಕಾಯ್ಕು ಸಾಬ್?" ಅಂದ. ನಾಲ್ಕನೇ ಅಂಗಡಿಯಲ್ಲಿ ಧೂಳು ಹಿಡಿದದ್ದೊಂದು ಸಿಕ್ಕಿತು. ಹನ್ನೊಂದರಲ್ಲಿ ಒಂಬತ್ತು ಪೂರ್ತಿ ತೆರೆದುಕೊಂಡವು. ಒಂದು ಸತ್ತಿತ್ತು, ಇನ್ನೊಂದರಲ್ಲಿ ಅರ್ಧ ಬಂತು.

ಕಡತಗಳನ್ನು ಮಗಳಿಗೆ ಕಳಿಸಿದೆ. "ಏನೋ ಇಂಗ್ಲಿಷ್ ಕಲಸುಮೇಲೋಗರ ಬಂದೈತಿ ಕಾಕಾ" ಅಂದಳು. ಆ ಕಾಲದಲ್ಲಿ ಕನ್ನಡ ಟೈಪ್ ಮಾಡಿದವರಿಗೆಲ್ಲ ಇದು ಗೊತ್ತಿರೋದೇ. ನಾವು ಟೈಪ್ ಮಾಡುತ್ತಿದ್ದದ್ದು ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಕೂತಿದ್ದದ್ದು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳು, ಅವುಗಳ ಮೇಲೆ ಫಾಂಟು ಕನ್ನಡದ ಮುಖವಾಡ ತೊಡಿಸುತ್ತಿತ್ತು. ಫಾಂಟು ಇಲ್ಲದ ಕಡೆ 'ಕನ್ನಡ' ಅನ್ನೋ ಪದ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ಸು, ಕ್ಯೂ, ಮತ್ತೆ ಎ ಅಂತ ಮೂಡುತ್ತೆ. ಹಾಳಾಗಿ ಹೋಗಲಿ ಅಂದರೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ ಬೇರೆ! ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಅದನ್ನು ತೋರಿಸಬಲ್ಲ ವಿಂಡೋಸ್ ಎಕ್ಸ್‌ಪಿ, ಅದರ ಜೊತೆ 'ತುಂಗಾ' ಫಾಂಟು, ಬಂದದ್ದು 2001ರಲ್ಲಿ. ನಮ್ಮಂಥವರ ಮನೆಗಳಲ್ಲಿ ಅದಾದ ಎಷ್ಟೋ ವರ್ಷ 98 ಓಡುತ್ತಲೇ ಇತ್ತು.

ಪರಿವರ್ತಕಗಳು ಈಗ ಬೇಕಾದಷ್ಟಿವೆ, ಪುಕ್ಕಟೆ ಸಿಗುತ್ತವೆ. ನೂರಕ್ಕೆ ತೊಂಬತ್ತು ಭಾಗ ಕೆಲಸ ಅವೇ ಮಾಡಿದವು. ಉಳಿದ ಹತ್ತಕ್ಕೇ ನನಗೆ ಮೂರು ತಿಂಗಳು ಹಿಡಿಯಿತು. 'ಸೂರ್ಯ' ಅನ್ನೋದನ್ನೇ ತಗೊಳ್ಳಿ. ಹಳೇ ಕಡತದಲ್ಲಿ ಕಣ್ಣಿಗೆ ಕಾಣೋ ಹಾಗೆ 'ಯ' ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ಬಾಯಲ್ಲಿ ನುಡಿಯೋ ಹಾಗೆ ರಕಾರ ಮೊದಲು. ಜೊತೆಗೆ ಅಣ್ಣ ತಲೆಬರಹಗಳಿಗೆ ಚೆಂದ ಕಾಣಲಿ ಅಂತ ಇನ್ಯಾವುದೋ ಕಂಪನಿಯ ಫಾಂಟು ಹಾಕಿದ್ದ. ಅವೆಲ್ಲ ಪರಿವರ್ತಕದ ಕೈಗೆ ಸಿಕ್ಕಿ ಹರಿದ ಅಂಗಿಯಾದವು. ಅಲ್ಲಿ ನನ್ನ ಹಳೇ ಪೆಂಟಿಯಂ ಕೆಲಸಕ್ಕೆ ಬಂತು. ಆ ಫಾಂಟುಗಳೆಲ್ಲ ಅದರಲ್ಲಿ ಇನ್ನೂ ಇದ್ದವು. ಅದರಲ್ಲಿ ನೋಡಿಕೊಂಡು ಇದರಲ್ಲಿ ತಿದ್ದೋದು, ರಾತ್ರಿ ಊಟ ಆದಮೇಲೆ ದಿನಕ್ಕೆ ಎಂಟೋ ಹತ್ತೋ ಪುಟ.

ಇದೇ ಹೊತ್ತಿಗೆ ನಮ್ಮ ಕಟ್ಟಡದಲ್ಲಿ ಒಬ್ಬರು ತೀರಿಕೊಂಡರು. ಮಗ ಅವರ ಫೋನು ಹಿಡಿದು ನನ್ನ ಹತ್ತಿರ ಬಂದ, ಅಂಕಲ್ ನಿಮಗೆ ಇದೆಲ್ಲ ಗೊತ್ತಲ್ಲ ಅಂತ. ಲಾಕ್ ತೆಗೆಯೋ ನಂಬರ್ ಯಾರಿಗೂ ಹೇಳಿರಲಿಲ್ಲ ಅವರು. ನನ್ನಿಂದ ಆಗಲಿಲ್ಲ. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿಗೆ ಹೋದರೆ ಅಲ್ಲಿಯವರು, ಫೋನು ಬೇಕಾದರೆ ತೆರೆದುಕೊಡ್ತೀವಿ, ಒಳಗಿನ ಫೋಟೋ ಸಿಗೋಲ್ಲ ಅಂದರಂತೆ. ಕಳ್ಳರ ಕೈಗೆ ಬಿದ್ದರೆ ಒಳ್ಳೆಯದೇ ಆ ಬೀಗ, ಬೇಡ ಅನ್ನೋಲ್ಲ. ಆದರೆ ಇಪ್ಪತ್ತು ವರ್ಷ ರಟ್ಟಿನ ಡಬ್ಬಿಯಲ್ಲಿದ್ದ ಫ್ಲಾಪಿ ಯಾರನ್ನೂ ಏನೂ ಕೇಳದೆ ತೆರೆದುಕೊಂಡಿತು, ಹದಿನೈದು ದಿನದ ಹಿಂದಿನ ತನಕ ಅಪ್ಪನ ಜೇಬಿನಲ್ಲಿದ್ದ ಫೋನು ಮಗನಿಗೆ ತೆರೆಯಲಿಲ್ಲ. ನಾನು ಅವತ್ತೇ ನನ್ನ ನಂಬರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅಲಮಾರಿಯಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಬ್ಯಾಂಕಿನವರು ಬಯ್ದರೆ ಬಯ್ಯಲಿ.

ಅರ್ಧ ಮಾತ್ರ ಬಂದ ಫ್ಲಾಪಿಯಲ್ಲಿ ಒಂದು ಬೀಸುಕಲ್ಲಿನ ಪದ ಏಳನೇ ಸಾಲಿಗೆ ನಿಂತುಬಿಟ್ಟಿತ್ತು. ಅದು ನಮ್ಮ ವೈನಿಯ ತವರೂರಿನದು, ಅವರ ಅವ್ವ ಹಾಡಿದ್ದು. ಅವರಿಗೆ ಫೋನ್ ಮಾಡಿ ಆ ಏಳು ಸಾಲು ಓದಿ ಹೇಳಿದೆ. ಮುಂದಿನದು ನೆನಪಿದೆಯಾ ಅಂತ ಕೇಳೋ ಮೊದಲೇ, "ಹಂಗಲ್ಲೋ ಅದು, ಮೂರನೇ ಸಾಲೇ ತಪ್ಪೈತಿ. ನಿಮ್ಮ ಅಣ್ಣಗ ಅವಾಗೇ ಹೇಳಿದ್ದೆ, ಕೇಳಲಿಲ್ಲ" ಅಂದರು. ಆಮೇಲೆ ತಾವೇ ಹಾಡಿದರು, ಎಂಬತ್ತರ ದನಿಯಲ್ಲಿ, ನಡುನಡುವೆ ಕೆಮ್ಮುತ್ತ. ಹದಿನಾರು ಸಾಲಾಯಿತು. ಅಣ್ಣನ ಏಳನ್ನು ಹಾಗೇ ಬಿಟ್ಟು, ವೈನಿಯ ಹದಿನಾರನ್ನು ಅದರ ಕೆಳಗೆ ಬರೆದಿದ್ದೇನೆ.