ಅಜ್ಜನ ಕೊಡಲಿಕಲ್ಲು ಯಾವ ಹೊಲದ್ದು?

ನಮ್ಮ ದೇವರ ಜಗಲಿ ಮೇಲೆ ನುಣ್ಣನೆಯ ಕರಿ ಕೊಡಲಿಕಲ್ಲು ಇದೆ. ಹಲಕುಂದಿಯಲ್ಲಿ ಹೊಲ ಉಳುವಾಗ ಅಜ್ಜನಿಗೆ ಸಿಕ್ಕಿದ್ದು. ಯಾವ ಹೊಲ? ಕೇಳಬೇಕು ಅನಿಸುವಷ್ಟರಲ್ಲಿ ಅಜ್ಜ ಇರಲಿಲ್ಲ.

ಬಳ್ಳಾರಿಯ ಸಂಗನಕಲ್ಲು ಮ್ಯೂಸಿಯಂನಲ್ಲಿ ಇಂಥವೇ ಕಲ್ಲು ನೋಡಿ ಹೊಟ್ಟೆ ಉರಿಯಿತು. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಕಲ್ಲು ಸಿಕ್ಕ ಊರಿನ ಹೆಸರು ಬರೆದಿಟ್ಟಿದ್ದರು.

ಪಹಣಿಯ ಸರ್ವೆ ನಂಬರ್ ಸಾಲದೇ? ಅದು ಹೊಲ ಹೇಳುತ್ತದೆ, ಹೊಲದೊಳಗಿನ ಜಾಗ ಹೇಳದು. ಅಣ್ಣತಮ್ಮಂದಿರು ಪಾಲಾದರೆ ಹಿಸ್ಸಾ ನಂಬರ್ ಬೀಳುತ್ತದೆ. ಅಕ್ಷಾಂಶ, ರೇಖಾಂಶ ಪಾಲಾಗುವುದಿಲ್ಲ. ಸರ್ವೆ ಆಫ್ ಇಂಡಿಯಾದ 57ಎ ನಕ್ಷೆ ಎಂದರೆ ಉತ್ತರ 15ರಿಂದ 16, ಪೂರ್ವ 76ರಿಂದ 77 ಡಿಗ್ರಿಯ ಚೌಕ, ನಮ್ಮೂರು ಅದರೊಳಗಿದೆ. ಮೊಬೈಲ್ ಮ್ಯಾಪಿನಲ್ಲಿ ಬೆರಳು ಒತ್ತಿಹಿಡಿದರೆ ಬರುವ ಸಂಖ್ಯೆಯಲ್ಲಿ, ಚುಕ್ಕಿಯ ನಂತರದ ನಾಲ್ಕನೇ ಅಂಕಿ ಸುಮಾರು 11 ಮೀಟರ್ ಲೆಕ್ಕ.

ಕಲ್ಲಿನ ಕೆಳಗೆ ಚೀಟಿ ಇಟ್ಟಿದ್ದೇನೆ: ‘ಹಲಕುಂದಿ. ಹೊಲ ಗೊತ್ತಿಲ್ಲ.’